ಪ್ರಹ್ಲಾದಾಚಾರ್ರ ಹೆಜ್ಜೆ ನಮಸ್ಕಾರ

ವೆಂಕೂಬಾಯಿಗೆ ಗಂಡನ ಮೇಲಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಬೇರೆ ಹೆಂಗಸರು ಗಂಡನ ವಿದ್ಯೆ, ವಂಶ, ನೌಕರಿ ಅಂತ ಹೇಳಿಕೊಂಡರೆ ಈಕೆ ಹೇಳಿಕೊಳ್ಳುತ್ತಿದ್ದದ್ದು ಗಂಡನ ಕಾಲುಗಳ ವಿಚಾರ. ಹೆಣ್ಣು ನೋಡುವ ದಿನ ಪ್ರಹ್ಲಾದಾಚಾರ್ರು ಹೊಳೆದಂಡೆ ಹಿಡಿದು ಆಕೆಯ ತವರೂರು ನಾಗಲದಿನ್ನೆಗೆ ನಡೆದೇ ಬಂದಿದ್ದರು. ಬಂಡಿಯಲ್ಲಿ ಹೊರಟ ಅವರ ತಂದೆತಾಯಿ ಇನ್ನೂ ದಾರಿಯಲ್ಲಿದ್ದಾಗಲೇ ವರ ಬಂದು ಪಡಸಾಲೆಯಲ್ಲಿ ಕೂತು ಕುಡಿಯಲು ನೀರು ಕೇಳಿದ್ದ. "ಎತ್ತಿನ ಬಂಡಿ ಹಿಂದ ಹಾಕಿ ಬಂದವರ್ರೀ ನಮ್ಮವರು" ಎಂಬ ಮಾತನ್ನು ಮಂತ್ರಾಲಯದ ಆ ಓಣಿಯಲ್ಲಿ ಮೂವತ್ತು ವರ್ಷದಿಂದ ಕೇಳದವರಿಲ್ಲ. ಕೇಳಿ ಕೇಳಿ ಬಾಯಿಪಾಠವಾದವರು ಅರ್ಧಕ್ಕೇ ತಾವೇ ಮುಗಿಸಿಕೊಡುತ್ತಿದ್ದರು. ಆಕೆಗೇನೂ ಬೇಸರವಿಲ್ಲ, ಮತ್ತೆ ಮೊದಲಿನಿಂದ ಹೇಳುತ್ತಿದ್ದಳು.

ಆಚಾರ್ರು ಮಠದ ಹಿಂದಿನ ಬೀದಿಯ ಒಂದು ಛತ್ರದಲ್ಲಿ ಯಾತ್ರಿಕರಿಗೆ ರೂಮು ಹಂಚುವ ಕೆಲಸದಲ್ಲಿದ್ದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ತುಟಿಯಲ್ಲಿ ರಾಯರ ನಾಮ, ಕಾಲಲ್ಲಿ ಚಕ್ರ. ಗುರುವಾರದ ಜಂಗುಳಿಯಲ್ಲೂ ಯಾವ ರೂಮಿನಲ್ಲಿ ಯಾವ ಊರಿನವರು, ಅವರು ಎಂದು ಖಾಲಿ ಮಾಡುತ್ತಾರೆ ಎಂಬುದನ್ನು ಪುಸ್ತಕ ತೆರೆಯದೆ ಹೇಳುತ್ತಿದ್ದರು. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರು. ಮನೆಯಿಂದ ಹೊರಟರೆಂದರೆ ಉತ್ತರೀಯದ ತುದಿ ಮಾತ್ರ ಓಣಿಯ ತಿರುವಿನಲ್ಲಿ ಕಾಣುತ್ತಿತ್ತು.

ಅಂಥ ಕಾಲು, ಎಂಬತ್ನಾಲ್ಕನೆಯ ಇಸವಿಯಲ್ಲಿ, ಆಚಾರ್ರಿಗೆ ಅರವತ್ತೊಂದು ತುಂಬಿದ ವರ್ಷ, ನೆಲ ಬಿಟ್ಟೇಳಲು ಒಲ್ಲೆ ಎನ್ನತೊಡಗಿತು. ಹೊರಡುವಾಗ ಹೊಸ್ತಿಲಲ್ಲಿ ನಿಂತುಬಿಡುವರು. ಯಾರೋ ಪಾದಕ್ಕೆ ಅಂಟು ಹಚ್ಚಿಟ್ಟ ಹಾಗೆ ಕಾಲು ಏಳದು. ಎದ್ದರೂ ಒಂದು ಗೇಣು ಮುಂದೆ, ಮತ್ತೆ ಒಂದು ಗೇಣು ಮುಂದೆ. ಓಣಿ ದಾಟಲು ಅರ್ಧ ಗಂಟೆ.

ಬೇರೆ ಊರಾಗಿದ್ದರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಆದರೆ ಇದು ಮಂತ್ರಾಲಯ. ಇಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಬೃಂದಾವನದ ಸುತ್ತ ಬರುವ ಸೇವೆಯುಂಟು. ಅದಕ್ಕೆ ಹೆಜ್ಜೆ ನಮಸ್ಕಾರ ಎನ್ನುತ್ತಾರೆ. ಪಕ್ಕದ ಮನೆಯ ಸರಸ್ವತಿಬಾಯಿ, ಮಠದ ಅರ್ಚಕರೊಬ್ಬರ ಹೆಂಡತಿ, ಕಟ್ಟೆಯ ಮೇಲೆ ನಿಂತು ಎರಡು ದಿನ ನೋಡಿದಳು. ಮೂರನೆಯ ದಿನ ಕೈಮುಗಿದಳು.

"ವೆಂಕೂಬಾಯಿ, ನಿಮ್ಮ ಯಜಮಾನರು ಮನಿಯಿಂದನ ಹೆಜ್ಜೆ ನಮಸ್ಕಾರ ಹಾಕ್ಕೋತ ಹೋಗ್ಲಿಕತ್ತಾರಲ್ರೀ! ಗುಡಿಯೊಳಗ ಹಾಕವರನ್ನ ಕಂಡೀನಿ, ಓಣಿತುಂಬ ಹಾಕವರನ್ನ ಇದೇ ಮೊದಲು ನೋಡಿದ್ದು."

ವೆಂಕೂಬಾಯಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಓಣಿಗೆ ಅಷ್ಟೇ ಸಾಕಾಯಿತು.

ಆಮೇಲೆ ಇನ್ನೆರಡು ಸೇರಿಕೊಂಡವು. ಆಚಾರ್ರು ದಿನಕ್ಕೆ ಐದಾರು ಸಲ ಬಾವಿಕಟ್ಟೆಗೆ ಹೋಗಿ ತಲೆಯ ಮೇಲಿಂದ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಒಳಗೆ ಬರತೊಡಗಿದರು. ಮಡಿ ಹೆಚ್ಚಾಯಿತು ಎಂದಿತು ಓಣಿ. ಮಾತೂ ಕಡಿಮೆಯಾಯಿತು. ಕೇಳಿದ್ದಕ್ಕೆ ಉತ್ತರ ಬರಲು ಎಲೆಯಲ್ಲಿ ಬಡಿಸಿದ ಅನ್ನ ಆರಿಹೋಗುವಷ್ಟು ಹೊತ್ತು. ಛತ್ರದಲ್ಲಿ ಒಂದೇ ರೂಮನ್ನು ಎರಡು ಸಂಸಾರಕ್ಕೆ ಕೊಟ್ಟು ರಂಪವಾಗಿ, ಮೇಲಿನವರು "ಸ್ವಲ್ಪ ದಿನ ವಿಶ್ರಾಂತಿ ತಗೊಳ್ರಿ" ಎಂದು ಬೀಗದ ಕೈ ಇಸಿದುಕೊಂಡರು. ಓಣಿ ಅದಕ್ಕೂ ಹೆಸರಿಟ್ಟಿತು, ಮೌನವ್ರತ. ಮೂರೂ ಕೂಡಿ ಆಚಾರ್ರು ಆರು ತಿಂಗಳಲ್ಲಿ ಮಹಾನುಭಾವರಾಗಿಬಿಟ್ಟರು. ಬಸ್ಸಿಳಿದು ಬಂದ ಯಾತ್ರಿಕರನ್ನೂ ಸರಸ್ವತಿಬಾಯಿ ಕರೆತಂದು ಅವರ ಕಾಲಿಗೆ ಎರಗಿಸುತ್ತಿದ್ದಳು.

ವೆಂಕೂಬಾಯಿಗೆ ಮಾತ್ರ ಗೊತ್ತಿತ್ತು. ಪಂಚೆ ಒಗೆಯುವವಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಬಾವಿಗೆ ಹೋಗುವ ಮೊದಲೇ ಪಂಚೆ ಒದ್ದೆಯಾಗಿರುತ್ತಿತ್ತು. ತಡೆದುಕೊಳ್ಳಲಾಗದೆ ಆದದ್ದನ್ನು ಆ ಮನುಷ್ಯ ಒಂದು ಕೊಡ ನೀರಿನಲ್ಲಿ ಮುಚ್ಚಿಡುತ್ತಿದ್ದ. ಆತ ಬಾಯಿಬಿಟ್ಟು ಹೇಳಲಿಲ್ಲ, ಈಕೆ ಕೇಳಲಿಲ್ಲ. ಸೋಪಿನಪುಡಿ ಒಂದು ಹಿಡಿ ಹೆಚ್ಚಿಗೆ ಹಾಕಿದಳು, ಅಷ್ಟೇ. ಹಿತ್ತಲಿನ ಗಳದ ಮೇಲೆ ಸಾಲಾಗಿ ಐದು ಪಂಚೆ ಒಣಗುವುದನ್ನು ಕಂಡು ಸರಸ್ವತಿಬಾಯಿ "ಎಂಥಾ ಮಡಿ, ಎಂಥಾ ಮಡಿ" ಎಂದರೆ ವೆಂಕೂಬಾಯಿ ಕತ್ತು ನೆಟ್ಟಗೆ ಮಾಡಿಕೊಂಡು "ಹೌದ್ರೀ, ಅವರದ್ದು ಹಂಗ" ಎನ್ನುತ್ತಿದ್ದಳು. ಗಂಡನ ಮಾನ ಉಳಿಯಿತಲ್ಲ ಎಂಬ ಸಮಾಧಾನ. ಹೇಳುತ್ತ ಹೇಳುತ್ತ ಆ ಸುಳ್ಳಿಗೂ ಒಂದಿಷ್ಟು ಹೆಮ್ಮೆ ಅಂಟಿಕೊಂಡಿದ್ದನ್ನು ಮುಚ್ಚಿಡುವುದೇಕೆ!

ಒಂದು ದಿನ ಆಚಾರ್ರು ಬಾವಿಕಟ್ಟೆಯಲ್ಲೇ ಬಿದ್ದರು. ಹಣೆ ಒಡೆಯಿತು. ಆದವಾನಿಯ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿದ್ದ ವೆಂಕೂಬಾಯಿಯ ತಮ್ಮ ಗುರುರಾಜ ಸುದ್ದಿ ಕೇಳಿ ಓಡಿಬಂದ. "ಅಕ್ಕಾ, ಮಹಾನುಭಾವರಾದ್ರೂ ಡಾಕ್ಟರಿಗೆ ತೋರಸಬಾರದು ಅಂತ ಶಾಸ್ತ್ರ ಅದ ಏನು?" ಎಂದು ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಹೋದ.

ಆದವಾನಿಯ ಹತ್ತಿ ಮಾರುಕಟ್ಟೆಯ ಹಿಂದೆ ಡಾಕ್ಟರ್ ಹಾಲಸ್ವಾಮಿಯ ದವಾಖಾನೆ. ಜಿನ್ನಿಂಗ್ ಮಿಲ್ಲಿನಿಂದ ಬಂದವರ ತಲೆಗೂದಲಿನಲ್ಲಿ ಹತ್ತಿಯ ಎಳೆಗಳು, ಬೆಂಚಿನ ಮೇಲೂ ಹತ್ತಿ. ಹಾಲಸ್ವಾಮಿ ನಲವತ್ತರ ಮನುಷ್ಯ, ಎಲ್ಲವನ್ನೂ ಎರಡು ಸಲ ಕೇಳುವ ಅಭ್ಯಾಸದವರು. ನಡೆಸಿ ನೋಡಿದರು, ತೋಳು ಮಡಚಿ ಬಿಡಿಸಿ ನೋಡಿದರು. ಕೊನೆಗೆ ಕೇಳಿದರು.

"ಆಚಾರ್ರ, ಒಂದಕ್ಕ ಹೋಗೋದು ತಡಕೊಳ್ಳಾಕ ಆಗ್ತೈತೇನ್ರಿ? ಬಟ್ಟಿ ಹಸಿ ಆಗೋದು ಏನರೆ ಐತೇನು?"

ಆಚಾರ್ರು ಗೋಡೆಯ ಕ್ಯಾಲೆಂಡರು ನೋಡಿದರು. ಡಾಕ್ಟರು ವೆಂಕೂಬಾಯಿಯ ಕಡೆ ತಿರುಗಿ ಅದನ್ನೇ ಕೇಳಿದರು.

"ಇಲ್ರೀ," ಎಂದಳು ವೆಂಕೂಬಾಯಿ. "ಅವರದ್ದು ಭಾಳ ಮಡಿ. ಅಂಥಾದ್ದೇನಿಲ್ಲ."

ಹಾಲಸ್ವಾಮಿ ಪೆನ್ನು ತೆಗೆದರು. ಇದು ಪಾರ್ಕಿನ್ಸನ್ ಅನ್ನುವ ಕಾಯಿಲೆಯಂತೆ ಕಾಣುತ್ತದೆ, ನಮ್ಮ ಹಿರಿಯರು ಕಂಪವಾತ ಅನ್ನುತ್ತಿದ್ದರಲ್ಲ ಅದು; ಇವರಿಗೆ ಕೈ ನಡುಗುವುದಿಲ್ಲ, ಆದರೂ ಕೆಲವರಿಗೆ ನಡುಕವಿಲ್ಲದೆಯೂ ಬರುತ್ತದೆ; ಮೂರು ತಿಂಗಳು ಮಾತ್ರೆ ಕೊಟ್ಟು ನೋಡೋಣ ಎಂದರು. ಮೂರು ತಿಂಗಳು ಹೊತ್ತು ತಪ್ಪದೆ ಮಾತ್ರೆ ನುಂಗಿಸಿದಳು ವೆಂಕೂಬಾಯಿ. ಒಂದು ಗೇಣಿನ ಹೆಜ್ಜೆ ಗೇಣಾಗಿಯೇ ಉಳಿಯಿತು. ಗಳದ ಮೇಲಿನ ಪಂಚೆ ಐದಿದ್ದದ್ದು ಏಳಾಯಿತು.

ಆಗ ಬಾಯಿಬಿಟ್ಟವಳು ಹುಲುಗಮ್ಮ. ಕುರಿ ಸಾಕುವವರ ಮನೆತನದ ಹೆಂಗಸು, ಎರಡು ಎಮ್ಮೆ ಕಟ್ಟಿಕೊಂಡು ಓಣಿಗೆ ಹಾಲು ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಹಾಲಳೆದು ಎದ್ದವಳು ಎದುರಿಗೆ ಬರುತ್ತಿದ್ದ ಆಚಾರ್ರನ್ನು ನೋಡುತ್ತ ನಿಂತುಬಿಟ್ಟಳು.

"ಅವ್ವಾರ, ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ್ರಿ. ಆಚಾರ್ರು ನಮಸ್ಕಾರ ಹಾಕಾಕ ಹತ್ತಿಲ್ಲ."

"ಮತ್ತೇನು ಮಾಡ್ಲಿಕತ್ತಾರ?"

"ಹೆಜ್ಜಿ ನಮಸ್ಕಾರ ಹಾಕೋರ ಕಾಲು ಒಂದರ ಮುಂದ ಒಂದು ಬೀಳ್ತಾವ. ಇವರ ಕಾಲ ನಡುವ ಕುರಿಮರಿ ದಾಟಿ ಹೋಗ್ತೈತಿ ನೋಡ್ರಿ. ನಮ್ಮ ಹಟ್ಟ್ಯಾಗ ಕುರಿ ತಲ್ಯಾಗ ನೀರು ತುಂಬಿದ್ರ ಹಿಂಗ ಮಾಡ್ತಾವ. ಕಾಲು ಅಗಲ ಮಾಡ್ಕೊಂಡು ನಿಂತ ಬಿಡ್ತಾವ, ನೂಕಿದ್ರೂ ಮುಂದಕ್ಕ ಹೋಗಂಗಿಲ್ಲ."

ವೆಂಕೂಬಾಯಿಯ ಮುಖ ಕೆಂಡವಾಯಿತು. "ನಮ್ಮವರು ನಿನ್ನ ಕಣ್ಣಿಗೆ ಕುರಿ ಆದರೇನು? ಹೋಗು, ಹಾಲಿನ ತಂಬಿಗಿ ತಗೊಂಡು ಹೋಗು!" ಹುಲುಗಮ್ಮ ಹೋದಳು. ಅವಳ ಮಾತು ಹೋಗಲಿಲ್ಲ.

ಅಂದೇ ಮಧ್ಯಾಹ್ನ ಆಚಾರ್ರು ಬಾವಿಯಿಂದ ಒಳಗೆ ಬಂದರು. ಪಡಸಾಲೆಯ ಕಡಪ ಕಲ್ಲಿನ ಮೇಲೆ ಹಸಿ ಪಾದಗಳ ಗುರುತು ಮೂಡಿತು. ವೆಂಕೂಬಾಯಿ ದಿನಾ ಅದನ್ನು ಒರೆಸುತ್ತಿದ್ದವಳು, ಅಂದು ಕೈಯಲ್ಲಿ ಬಟ್ಟೆ ಹಿಡಿದು ನಿಂತಳು. ಗುರುತು ಒಂದು ಸಾಲಿನಲ್ಲಿ ಇರಲಿಲ್ಲ. ಎಡಗಾಲಿನದೇ ಒಂದು ಸಾಲು, ಬಲಗಾಲಿನದೇ ಒಂದು ಸಾಲು, ಬೆರಳುಗಳು ಹೊರಗೆ ತಿರುಗಿ, ನಡುವೆ ಊಟದ ತಟ್ಟೆ ಇಡುವಷ್ಟು ಜಾಗ. ಮಠದ ಅಂಗಳದಲ್ಲಿ ಹುಟ್ಟಿನಿಂದ ಹೆಜ್ಜೆ ನಮಸ್ಕಾರ ನೋಡಿದವರು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದಾರೆ, ಒಬ್ಬರಿಗೂ ಇದು ಕಾಣಲಿಲ್ಲ. ಕುರಿ ಸಾಕುವವರ ಮನೆಯ ಹಾಲಿನವಳಿಗೆ ಕಂಡಿತು. ವೆಂಕೂಬಾಯಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಆಕೆಯ ಒಂದು "ಇಲ್ರೀ" ಡಾಕ್ಟರನ್ನು ಬೇರೆ ದಾರಿಗೆ ಕಳಿಸಿತ್ತೋ ಏನೋ! ಮಾರನೆಯ ದಿನವೇ ಆದವಾನಿಯ ಬಸ್ಸು ಹತ್ತಿದರು. ಹೊರಡುವಾಗ ಆಚಾರ್ರ ರಾಮಕೋಟಿ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡಳು. ಅದಿಲ್ಲದೆ ಅವರು ಹೊತ್ತು ಕಳೆಯುತ್ತಿರಲಿಲ್ಲ; ಹತ್ತು ವರ್ಷದಿಂದ ದಿನಾ ಒಂದು ಪುಟ ರಾಮನಾಮ ಬರೆದು ಕೆಳಗೆ ತಾರೀಕು ಹಾಕುವುದು ಅವರ ನೇಮ.

ಮಾತ್ರೆಯಿಂದ ಏನೂ ಆಗಲಿಲ್ಲ ಎಂದು ಕೇಳಿ ಹಾಲಸ್ವಾಮಿ ಕುರ್ಚಿಯಿಂದ ಎದ್ದರು. ಮೊದಲಿನಿಂದ ಎಲ್ಲ ಮತ್ತೆ ನೋಡತೊಡಗಿದರು. ಹೆಬ್ಬೆರಳಿಗೆ ತೋರುಬೆರಳು ಬಡಬಡ ತಾಗಿಸಿ ಎಂದರು. ಆಚಾರ್ರ ಬೆರಳು ತುಳಸಿ ಕಟ್ಟುವವರ ಬೆರಳಿನ ಹಾಗೆ ಓಡಿತು. ಮೇಜಿನ ಮೇಲೆ ಮಲಗಿಸಿ, ಸೈಕಲ್ ತುಳಿಯುವ ಹಾಗೆ ಗಾಳಿಯಲ್ಲಿ ಕಾಲು ಆಡಿಸಿ ಎಂದರು. ನೆಲದ ಮೇಲೆ ಒಂದು ಗೇಣು ಸಾಗದ ಕಾಲು ಮಲಗಿದಲ್ಲಿ ಗಿರ್ರನೆ ತಿರುಗಿತು. ಗುರುರಾಜ ಬೆರಗಾಗಿ "ಭಾವಾ, ಕುರ್ನೂಲು ಮುಟ್ಟಿದ್ರಿ" ಎಂದ.

"ಏನರೆ ಬರೀರಿ" ಎಂದು ಡಾಕ್ಟರು ಕಾಗದ ಹುಡುಕುವಷ್ಟರಲ್ಲಿ ವೆಂಕೂಬಾಯಿ ಚೀಲದಿಂದ ಪುಸ್ತಕ ತೆಗೆದಳು. ಹಾಲಸ್ವಾಮಿ ಪುಟ ತಿರುವುತ್ತ ತಿರುವುತ್ತ ನಿಂತರು. ಎಂಬತ್ತೆರಡನೆಯ ಇಸವಿಯ ಪುಟವನ್ನೂ ಹಿಂದಿನ ವಾರದ ಪುಟವನ್ನೂ ಪಕ್ಕಪಕ್ಕ ಇಟ್ಟರು. ಕಂಪವಾತದವರ ಬರವಣಿಗೆ ಸಾಲು ಮುಗಿಯುವಷ್ಟರಲ್ಲಿ ಇರುವೆಯಷ್ಟು ಸಣ್ಣದಾಗುತ್ತದೆ ಎಂದು ಹೇಳಿದರು. ಇಲ್ಲಿ ಮೂರು ವರ್ಷಕ್ಕೂ ಅಕ್ಷರ ಅಷ್ಟೇ ದುಂಡಗೆ, ಅಷ್ಟೇ ದೊಡ್ಡದಾಗಿತ್ತು. ನಡುನಡುವೆ ಒಂದೊಂದು 'ರಾಮ' ಬಿಟ್ಟುಹೋಗಿತ್ತು, ಅಷ್ಟೇ.

"ಅವ್ವಾರ, ಇಷ್ಟು ಒಳ್ಳೇ ಪರೀಕ್ಷಾ ನನ್ನ ಕಡೆ ಇಲ್ಲ" ಎಂದರು ಹಾಲಸ್ವಾಮಿ.

ವೆಂಕೂಬಾಯಿಯ ಎದೆ ಉಬ್ಬಿತು. ಆ ಉಬ್ಬಿದ ಎದೆಯಲ್ಲೇ, ಧೈರ್ಯ ಇಳಿಯುವ ಮೊದಲೇ, ಹೇಳಿದಳು. "ಡಾಕ್ಟ್ರೇ, ಹೆಜ್ಜೆ ನಮಸ್ಕಾರ ಹಾಕಿಸಿ ನೋಡ್ರಿ ಇವರಿಂದ."

ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಆಚಾರ್ರು ಹಿಮ್ಮಡಿಗೆ ಹೆಬ್ಬೆರಳು ತಾಗಿಸಲು ಹೋದರು. ಒಂದು ಹೆಜ್ಜೆ. ಎರಡನೆಯದಕ್ಕೆ ಓಲಾಡಿ ಗುರುರಾಜನ ತೋಳಿಗೆ ಬಿದ್ದರು. ಊರೆಲ್ಲ ತಿಂಗಳುಗಟ್ಟಲೆ ಕೈಮುಗಿದ ಸೇವೆಯನ್ನು ಅವರಿಂದ ಎರಡು ಹೆಜ್ಜೆ ಮಾಡಲಾಗಲಿಲ್ಲ.

ಹಾಲಸ್ವಾಮಿ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಎರಡು ಸಲ ಕೇಳುವ ಮನುಷ್ಯ ಅಂತ ಹೇಳಿದೆನಲ್ಲ. ಆಚಾರ್ರು ಈ ಸಲ ಕ್ಯಾಲೆಂಡರು ನೋಡಲಿಲ್ಲ, ಹೆಂಡತಿಯನ್ನು ನೋಡಿದರು. ಬೇಡ ಎಂಬ ನೋಟ ಅದು. ಮೂವತ್ತು ವರ್ಷದಲ್ಲಿ ಆತ ಹೆಂಡತಿಯನ್ನು ಏನೂ ಬೇಡಿದವನಲ್ಲ.

"ಆಗ್ತದ್ರೀ," ಎಂದಳು ವೆಂಕೂಬಾಯಿ. "ದಿನಾ ಆಗ್ತದ. ದಿನಕ್ಕ ಏಳು ಪಂಚೆ ಒಗೀತೀನಿ. ಮಡಿ ಅಂತ ಸುಳ್ಳ ಹೇಳಿದೆ. ತಪ್ಪು ನಂದು, ಅವರದ್ದಲ್ಲ."

ಆಚಾರ್ರು ಮುಖ ಗೋಡೆಗೆ ತಿರುಗಿಸಿದರು. ಹಾಲಸ್ವಾಮಿ ಮಾತ್ರ ಬಿಡಿಸಲಾಗದ ಲೆಕ್ಕ ಬಿಡಿಸಿದವರ ಹಾಗೆ ಮೇಜು ಕುಟ್ಟಿದರು. ನಡಿಗೆ, ಮೂತ್ರ, ಮರೆವು, ಮೂರೂ ಒಟ್ಟಿಗೆ. ಕೈ ಮಾತ್ರ ಚೆನ್ನಾಗಿದೆ. ಇದು ಕಂಪವಾತದ ವೇಷ ಹಾಕಿ ಬಂದ ಬೇರೆ ಕಾಯಿಲೆ ಇರಬಹುದು. ತಲೆಯೊಳಗೆ ನೀರು ನಿಂತು ಹೀಗಾಗುವುದುಂಟು. ಹಾಗಿದ್ದರೆ ಇದಕ್ಕೆ ದಾರಿಯುಂಟು. ಆದರೆ ತಲೆಯ ಒಳಗನ್ನು ನೋಡದೆ ಹೇಳಲಾಗದು. ಮದರಾಸಿನಲ್ಲಿ ಸ್ಕ್ಯಾನ್ ಅನ್ನುವ ಯಂತ್ರ ಬಂದಿದೆ, ಚೀಟಿ ಕೊಡುತ್ತೇನೆ ಎಂದರು.

"ನೀರಾ?" ಎಂದಳು ವೆಂಕೂಬಾಯಿ. ಹುಲುಗಮ್ಮನಿಗೆ ತಂಬಿಗೆ ಎತ್ತಿಕೊಂಡು ಹೋಗೆಂದದ್ದು ನೆನಪಾಗಿ ನಾಲಗೆ ಕಚ್ಚಿಕೊಂಡಳು.

ಗುರುರಾಜನನ್ನು ಜೊತೆ ಮಾಡಿಕೊಂಡು ಮದರಾಸಿನ ರೈಲು ಹತ್ತಿದರು; ಆದವಾನಿ ಬಿಟ್ಟಾಗಿನಿಂದ ಆಚಾರ್ರು ಹೆಂಡತಿಯ ಜೊತೆ ಮಾತಾಡಲಿಲ್ಲ. ಈ ಸಲದ ಮೌನ ಕಾಯಿಲೆಯದ್ದಲ್ಲ, ಸಿಟ್ಟಿನದು. ಆಕೆಗೆ ವ್ಯತ್ಯಾಸ ಗೊತ್ತಿತ್ತು. ಆಕೆ ಸುಮ್ಮನೆ ಒಣಗಿದ ಪಂಚೆ ಮಡಚಿ ಪಕ್ಕದಲ್ಲಿಟ್ಟಳು. ರೇಣಿಗುಂಟಾ ದಾಟಿದ ಮೇಲೆ ಆಚಾರ್ರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ನಿನಗ ಯಾವಾಗಿಂದ ಗೊತ್ತಿತ್ತು?"

"ಮೊದಲನೇ ದಿನದಿಂದ."

"ಒಂದು ಮಾತು ಆಡಲಿಲ್ಲ."

"ನೀವು ಆಡಲಿಲ್ಲಲ್ರೀ."

ಆಚಾರ್ರು ಕೈಚಾಚಿ ಆ ಪಂಚೆ ತೆಗೆದುಕೊಂಡರು. ಹೆಂಡತಿಯ ಎದುರಿಗೆ, ಬಾವಿ ಇಲ್ಲ ನೀರಿಲ್ಲ, ರೈಲಿನ ಸಣ್ಣ ಕೋಣೆಗೆ ಗುರುರಾಜನ ಹೆಗಲು ಹಿಡಿದು ಹೋಗಿ ಬದಲಾಯಿಸಿಕೊಂಡು ಬಂದರು. ಒದ್ದೆಯಾದದ್ದನ್ನು ಆಕೆಯ ಕೈಗೇ ಕೊಟ್ಟರು. ವೆಂಕೂಬಾಯಿಗೆ ಕಣ್ಣು ತುಂಬಿಬಂತು, ಅದನ್ನು ಚೀಲಕ್ಕೆ ತುರುಕುವ ನೆಪದಲ್ಲಿ ಬಗ್ಗಿಕೊಂಡಳು.

ಮದರಾಸಿನ ದೊಡ್ಡ ಆಸ್ಪತ್ರೆಯಲ್ಲಿ ನೋಡಿದವಳು ತೆಲುಗು ಬಲ್ಲ ಡಾಕ್ಟರಮ್ಮ. ಹಾಲಸ್ವಾಮಿಯ ಚೀಟಿಯನ್ನು ಓದಿ, ಅದರ ಜೊತೆ ಕಳಿಸಿದ್ದ ರಾಮಕೋಟಿಯ ಎರಡು ಪುಟಗಳನ್ನು ನೋಡಿ, "ಎವರಮ್ಮಾ ಈ ಡಾಕ್ಟರು?" ಯಾರು ಈ ಡಾಕ್ಟರು ಎಂದು ಮೆಚ್ಚಿ ಕೇಳಿದಳು. "ಮಾ ಆದೋನಿ ಡಾಕ್ಟರೇನಮ್ಮಾ" ನಮ್ಮ ಆದವಾನಿಯ ಡಾಕ್ಟರೇ ಎಂದಳು ವೆಂಕೂಬಾಯಿ, ಹಾಲಸ್ವಾಮಿಯನ್ನು ತಾನೇ ಓದಿಸಿದಷ್ಟು ಬಿಂಕದಿಂದ.

ಯಂತ್ರವೆಂದರೆ ಮನುಷ್ಯ ತೂರುವಂಥ ಒಂದು ದೊಡ್ಡ ಬಿಳಿ ಬಳೆ. ಅದರೊಳಗೆ ಆಚಾರ್ರ ತಲೆಯನ್ನಿಟ್ಟು ಅರ್ಧ ಗಂಟೆ ಮಲಗಿಸಿದರು. ಆಮೇಲೆ ಡಾಕ್ಟರಮ್ಮ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ತಲೆಯನ್ನು ಸೌತೆಕಾಯಿಯಂತೆ ಅಡ್ಡಡ್ಡ ಕೊಯ್ದ ಹಾಗಿನ ಚಿತ್ರ. ಎಲ್ಲರ ಮಿದುಳಿನೊಳಗೂ ಸಣ್ಣ ಸಣ್ಣ ಕೋಣೆಗಳಿರುತ್ತವೆ, ಅಲ್ಲಿ ನೀರು ಬರುತ್ತದೆ, ಹೋಗುತ್ತದೆ. ಇವರ ತಲೆಯಲ್ಲಿ ಬಂದ ನೀರು ಸರಿಯಾಗಿ ಹೊರಡುತ್ತಿಲ್ಲ, ಕೋಣೆ ಉಬ್ಬಿ ಕಾಲಿಗೆ ಹೋಗುವ ನರಗಳನ್ನು ಎಳೆಯುತ್ತಿದೆ ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದಳು.

ಆಚಾರ್ರು ಚಿತ್ರವನ್ನೇ ನೋಡುತ್ತಿದ್ದರು. ಉತ್ತರ ಬರಲು ಯಾವತ್ತಿನಂತೆ ಹೊತ್ತಾಯಿತು.

"ರೂಮು ಖಾಲಿ ಮಾಡವಲ್ರು ಅಂದಂಗಾತು," ಎಂದರು.

ಒಂದು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ತಮಾಷೆ. ಗುರುರಾಜ ಅದನ್ನು ತೆಲುಗಿಗೆ ತಿರುಗಿಸಿ ಹೇಳಿದ ಮೇಲೆ ಡಾಕ್ಟರಮ್ಮನೂ ನಕ್ಕಳು. ವೆಂಕೂಬಾಯಿ ನಗಲಿಲ್ಲ, ಗಂಡನ ಮುಖವನ್ನು ಹಬ್ಬದಂತೆ ನೋಡುತ್ತ ಕೂತಳು.

ಆದರೆ ಡಾಕ್ಟರಮ್ಮ ಅವಸರದವಳಲ್ಲ. ಚಿತ್ರವೊಂದನ್ನೇ ನಂಬುವ ಹಾಗಿಲ್ಲ, ವಯಸ್ಸಾದವರಲ್ಲಿ ಮಿದುಳು ಕುಗ್ಗಿದರೂ ಕೋಣೆ ದೊಡ್ಡದಾಗಿ ಕಾಣುತ್ತದೆ. ಬೆನ್ನಿನಿಂದ ಒಂದಿಷ್ಟು ನೀರು ತೆಗೆದು ನೋಡೋಣ, ನಡಿಗೆ ಸುಧಾರಿಸಿದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ ಎಂದಳು. ವರಾಂಡದ ಎರಡು ಕಂಬಗಳ ನಡುವೆ ಆಚಾರ್ರನ್ನು ನಡೆಸಿ, ಗಡಿಯಾರ ಹಿಡಿದು ಹೆಜ್ಜೆ ಎಣಿಸಿದರು. ವೆಂಕೂಬಾಯಿಯೂ ಜಪದ ಹಾಗೆ ಬೆರಳ ಗೆಣ್ಣಿನ ಮೇಲೆ ಎಣಿಸಿದಳು. ನಲವತ್ತೊಂದು. ಬೆನ್ನಿನಿಂದ ನೀರು ತೆಗೆದರು. ತಿಳಿಯಾಗಿ, ತುಂಗಭದ್ರೆಯ ಬೇಸಿಗೆ ನೀರಿನಂತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಂಬ, ಅದೇ ಗಡಿಯಾರ. ಆಚಾರ್ರು ಕಂಬದ ಬಳಿ ನಿಂತುಬಿಡಲಿಲ್ಲ. ಹೊರಟೇಬಿಟ್ಟರು.

ವೆಂಕೂಬಾಯಿಯ ಬೆರಳು ಇಪ್ಪತ್ತೆರಡಕ್ಕೆ ನಿಂತಿತು. ತಪ್ಪು ಎಣಿಸಿದೆನೆಂದು ಡಾಕ್ಟರಮ್ಮನ ಮುಖ ನೋಡಿದಳು.

"ಇರವೈ ರೆಂಡು," ಎಂದಳು ಡಾಕ್ಟರಮ್ಮ. ಇಪ್ಪತ್ತೆರಡೇ.

ವೆಂಕೂಬಾಯಿ ಅಲ್ಲಿ ಕೂತಿದ್ದ ಗುರುತಿಲ್ಲದ ಜನರ ಕಡೆ ತಿರುಗಿ, ಯಾವ ಭಾಷೆಯಲ್ಲಿ ಹೇಳುತ್ತಿದ್ದೇನೆ ಎಂಬ ಪರಿವೆಯೂ ಇಲ್ಲದೆ, "ಎತ್ತಿನ ಬಂಡಿ ಹಿಂದ ಹಾಕಿದವರ್ರೀ ಇವರು!" ಎಂದಳು. ಎಲ್ಲರೂ ತಮಿಳರು. ಯಾರಿಗೂ ಅರ್ಥವಾಗಲಿಲ್ಲ, ಆದರೂ ಎಲ್ಲರೂ ತಲೆಯಾಡಿಸಿದರು.

ಆಪರೇಷನ್ನಿಗೆ ತಲೆ ಬೋಳಿಸಬೇಕು, ಶಿಖೆಯೂ ಹೋಗುತ್ತದೆ ಎಂದಾಗ ಆಚಾರ್ರು ಒಂದು ಗಳಿಗೆ ಹಿಂಜರಿದರು. "ಕೂದಲು ಬೆಳೀತದ್ರೀ, ಕಾಲು ಬೆಳ್ಯಂಗಿಲ್ಲ" ಎಂದಳು ವೆಂಕೂಬಾಯಿ. ಅವರು ತಲೆ ಬಗ್ಗಿಸಿ ಕೂತರು. ಸಣ್ಣದೊಂದು ನಳಿಗೆಯನ್ನು ತಲೆಯಿಂದ ಹೊಟ್ಟೆಯವರೆಗೆ ಚರ್ಮದ ಕೆಳಗೇ ಇಳಿಸಿದರು, ಹೆಚ್ಚಾದ ನೀರು ತಾನೇ ಹರಿದುಹೋಗಲಿ ಎಂದು. ನಾಲ್ಕು ವಾರ ಅಲ್ಲಿದ್ದರು. ಮೊದಲು ಹೆಜ್ಜೆ ಬಂತು, ಆಮೇಲೆ ಮಾತು, ಎಲ್ಲಕ್ಕಿಂತ ಕೊನೆಗೆ, ಒಂದು ಬೆಳಿಗ್ಗೆ, ಒಣಗಿದ ಪಂಚೆ. ಆ ಪಂಚೆಯನ್ನು ವೆಂಕೂಬಾಯಿ ಎರಡು ಸಲ ಮುಟ್ಟಿ ನೋಡಿದಳು.

ವಾಪಸು ಬರುವ ರೈಲಿನಲ್ಲಿ ಆಚಾರ್ರು ಕೇಳಿದರು, "ಓಣಿಯೊಳಗ ಕೇಳಿದವರಿಗೆ ಏನಂತ ಹೇಳತೀ?"

"ನೀವು ಹೇಳಿದಂಗ ಹೇಳತೀನಿ."

ಆಚಾರ್ರು ಯೋಚಿಸಿದರು. ಈಗ ಯೋಚಿಸಲು ಅನ್ನ ಆರುವಷ್ಟು ಹೊತ್ತು ಬೇಕಿರಲಿಲ್ಲ. "ಇದ್ದದ್ದ ಇದ್ದಂಗ ಹೇಳು. ಇನ್ನೊಬ್ಬ ಯಾವನರೆ ನನ್ನಂಗ ಪಂಚೆ ಬಚ್ಚಿಡೋದು ತಪ್ಪೀತು."

ಆದವಾನಿಯಲ್ಲಿ ಇಳಿದು ಹಾಲಸ್ವಾಮಿಗೆ ಕಪ್ಪು ಹಾಳೆ ತೋರಿಸಿದರು. ಅವರು ಕಿಟಕಿಗೆ ಹಿಡಿದು ನೋಡಿದರು, ಬೆಂಚಿನ ಮೇಲಿದ್ದ ರೋಗಿಗಳಿಗೂ ತೋರಿಸಿದರು. ತಲೆಯಲ್ಲಿ ನೀರು ಎಂದು ಅವರಿಗಿಂತ ಮೊದಲು ಹೇಳಿದವಳು ಹಾಲಿನ ಹುಲುಗಮ್ಮ ಎಂದು ವೆಂಕೂಬಾಯಿ ತಿಳಿಸಿದಾಗ, "ಆಕಿಗೆ ನನ್ನ ನಮಸ್ಕಾರ ತಿಳಸ್ರಿ. ಕುರಿ ರೋಗ ಬ್ಯಾರೆ, ಇದು ಬ್ಯಾರೆ, ಆದ್ರ ಆಕಿ ಕಣ್ಣು ಡಾಕ್ಟರ ಕಣ್ಣು" ಎಂದರು. ಆ ನಮಸ್ಕಾರವನ್ನು ವೆಂಕೂಬಾಯಿ ಮರುದಿನ ಬೆಳಿಗ್ಗೆ ಬಾಗಿಲಲ್ಲೇ ತಲುಪಿಸಿದಳು. ತನ್ನದೊಂದನ್ನೂ ಸೇರಿಸಿದಳು, "ಅವತ್ತು ಬೈದೆ, ತಪ್ಪಾತವ್ವ." ಹುಲುಗಮ್ಮ ಸೊಂಟಕ್ಕೆ ಕೈಕೊಟ್ಟು, "ನಾ ಹೇಳಿದ್ನಿಲ್ಲೇನ್ರಿ ಮತ್ತ!" ಎಂದು ಅಂದು ಇಡೀ ಓಣಿಗೆ ಹಾಲಿನ ಜೊತೆ ಆ ಮಾತನ್ನೂ ಹಾಕಿ ಬಂದಳು.

ಬಂದ ಮೊದಲ ಗುರುವಾರ ಆಚಾರ್ರು ಹೊಳೆಯಲ್ಲಿ ಮುಳುಗು ಹಾಕಿ, ಒದ್ದೆ ಪಂಚೆಯಲ್ಲಿ ಮಠಕ್ಕೆ ಬಂದರು. ಇದು ನಿಜವಾದ ಮಡಿ. ಬೃಂದಾವನದ ಎದುರು ನಿಂತು ಕೈಮುಗಿದು, ಬಲಗಾಲಿನ ಹೆಬ್ಬೆರಳಿಗೆ ಎಡಗಾಲಿನ ಹಿಮ್ಮಡಿ ತಾಗಿಸಿದರು. ಓಲಾಡಲಿಲ್ಲ. ಮತ್ತೊಂದು. ಮತ್ತೊಂದು. ಅಂಗಳದ ಕಂಬಕ್ಕೊರಗಿ ಕೂತ ವೆಂಕೂಬಾಯಿಯ ಬೆರಳು ಗೆಣ್ಣಿನ ಮೇಲೆ ಸರಿಯುತ್ತಿತ್ತು. ಕಲ್ಲಿನ ಮೇಲೆ ಅವರ ಹಿಂದೆ ಹಸಿ ಪಾದದ ಗುರುತು ಒಂದೇ ಸಾಲಾಗಿ ಬರುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಸರಸ್ವತಿಬಾಯಿ ನಿಟ್ಟುಸಿರು ಬಿಟ್ಟಳು. ಮಹಾನುಭಾವರು ಬೋಳುತಲೆಯಲ್ಲಿ ಮದರಾಸಿನಿಂದ ಬಂದದ್ದು, ಬಂದವರು ಛತ್ರಕ್ಕೆ ಸರಸರನೆ ನಡೆದುಹೋಗಿ ಬೀಗದ ಕೈ ಕೇಳಿದ್ದು ಆಕೆಗೆ ಹಿಡಿಸಿರಲಿಲ್ಲ.

"ಮೊದಲೆಲ್ಲ ದಿನಾ ಮನಿಯಿಂದನ ನಮಸ್ಕಾರ ಹಾಕ್ಕೋತ ಬರತಿದ್ರು. ಗಳದ ತುಂಬ ಮಡಿಪಂಚೆ ಇರತಿತ್ತು. ಈಗ ನೋಡಿದ್ರ ಒಂದ ಪಂಚೆ, ಒಂದ ಸುತ್ತು. ಹಿಂಗ್ಯಾಕ್ರೀ ವೆಂಕೂಬಾಯಿ?"

ವೆಂಕೂಬಾಯಿ ಎದ್ದು ನಿಂತಳು. ಆಕೆಯ ಗಂಟಲು ಮೊದಲೇ ಸಣ್ಣದಲ್ಲ, ಅಂದು ಇಡೀ ಅಂಗಳ ತಿರುಗಿ ನೋಡುವಂತೆ ಏರಿತು.

"ಅದು ನಮಸ್ಕಾರ ಅಲ್ರೀ, ರೋಗ! ಮಡಿನೂ ಅಲ್ಲ. ತಡಕೊಳ್ಳಲಿಕ್ಕೆ ಆಗದೆ ಪಂಚೆ ಒದ್ದೆ ಆಗತಿತ್ತು, ನಾ ನಿಮ್ಮೆಲ್ಲರಿಗೂ ಸುಳ್ಳ ಹೇಳಿದೆ. ನಿಮ್ಮ ಮನ್ಯಾಗ ಯಾರಿಗರೆ ಹಿಂಗಾದ್ರ ಕೈಮುಗಿಬ್ಯಾಡ್ರಿ, ಆದವಾನಿ ಬಸ್ಸು ಹತ್ತಸ್ರಿ. ನಮಸ್ಕಾರ ಅಂದ್ರ ಇದು. ನೋಡ್ರಿ ನಮ್ಮವರನ್ನ, ಕಣ್ತುಂಬ ನೋಡ್ರಿ!"

ಬೃಂದಾವನದ ತಿರುವಿನಲ್ಲಿದ್ದ ಆಚಾರ್ರು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿದ್ದನ್ನು ಬಿಡದೆ, ಒಂಟಿ ಗೆರೆಯ ಮೇಲೆ ನೆಟ್ಟಗೆ ನಿಂತು, ಕತ್ತು ಮಾತ್ರ ಹಿಂದಕ್ಕೆ ತಿರುಗಿಸಿದರು.

"ಏ ವೆಂಕೂ, ಎಣಿಕಿ ತಪ್ಪಿಸಬ್ಯಾಡ. ಎಷ್ಟಾತು?"

"ನೂರಾ ಎಂಟು!" ಎಂದಳು ವೆಂಕೂಬಾಯಿ.

ನಿಜಕ್ಕೂ ಆಕೆಗೆ ಎಣಿಕೆ ಎಂದೋ ತಪ್ಪಿತ್ತು.